ತುಳಿಯದ ಕಾಲು

ಬರೆದ ಕಾಗದಕ್ಕೆ ಅರಿಯದೆ ಕಾಲು ತಗುಲಿದರೆ ಬಾಗಿ, ಅದನ್ನು ಬೆರಳ ತುದಿಯಿಂದ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸವು ನಮ್ಮ ಕಡೆಯ ಮನೆಗಳಲ್ಲಿ ಅಕ್ಷರಾಭ್ಯಾಸಕ್ಕಿಂತ ಮೊದಲೇ ಮಕ್ಕಳಿಗೆ ಬಂದುಬಿಡುತ್ತದೆ. ಆ ಕಾಗದದಲ್ಲಿ ಏನು ಬರೆದಿದೆಯೆಂಬ ವಿಚಾರಣೆ ಯಾರಿಗೂ ಬೇಡ. ಅಗಸನ ಲೆಕ್ಕವಾಗಿರಲಿ, ಹಿಂದಿನ ತಿಂಗಳ ಕರೆಂಟು ಬಿಲ್ಲಾಗಿರಲಿ, ಯಾವ ಸಂಪಾದಕರೂ ಒಲ್ಲದೆ ಹಿಂದಕ್ಕೆ ಕಳುಹಿಸಿದ ಪ್ರಬಂಧವೇ ಆಗಿರಲಿ, ಸರಸ್ವತಿಯು ಅದರಲ್ಲಿ ಕುಳಿತಿದ್ದಾಳೆಂದೇ ಭಾವನೆ. ಬರೆಯುವ ಚಟವುಳ್ಳವರಿಗೆ ಇದರಿಂದ ದೊರೆಯುವ ಸಮಾಧಾನ ಸಣ್ಣದಲ್ಲ. ಓದಿದವನು ಹೀಗಳೆದಾನು, ಓದದವನು ಇನ್ನೂ ಹೆಚ್ಚು ಹೀಗಳೆದಾನು, ಆದರೆ ಕಾಲಿನಿಂದ ಮೆಟ್ಟುವಷ್ಟು ಧೈರ್ಯ ಇಬ್ಬರಿಗೂ ಇರುವುದಿಲ್ಲ.

ಇದೇ ಸೂಕ್ಷ್ಮವು ಜಪಾನಿನಿಂದ ಬಂದ, ತಲೆಗಳು ಲೆಕ್ಕವಿಲ್ಲದೆ ಉರುಳುವ, ಬಿದ್ದ ಹಿಮವೆಲ್ಲ ನೆತ್ತರಾಗುವ ಒಂದು ಚಿತ್ರಮಾಲಿಕೆಯಲ್ಲಿ ನನ್ನನ್ನು ಎದುರುಗೊಂಡಿತೆಂದರೆ ನನ್ನ ವಯಸ್ಸಿನ ಸ್ನೇಹಿತರು ನಂಬುವುದಿಲ್ಲ. ಚಿತ್ರಗಳನ್ನು ಬರೆದು ಅವುಗಳಿಗೆ ಚಲನೆ ಕೊಟ್ಟು ಕಥೆ ಹೇಳುವ, ಅನಿಮೆ ಎಂದು ಈಗಿನವರು ಕರೆಯುವ ಈ ಕಲೆಯಲ್ಲಿ ನನ್ನ ಮೊಮ್ಮಗಳಿಗಿರುವ ಪಾಂಡಿತ್ಯದ ಕಾಲುಭಾಗವು ಗಣಿತದಲ್ಲಿ ಇದ್ದಿದ್ದರೆ ನಮ್ಮ ಮನೆಯ ಸಂಜೆಗಳು ಇನ್ನಷ್ಟು ಶಾಂತವಾಗಿರುತ್ತಿದ್ದವು. ಟಿವಿಯು ನಡುಮನೆಯಲ್ಲಿಯೂ ನನ್ನ ಆರಾಮಕುರ್ಚಿಯು ಅದರ ಎದುರಿನಲ್ಲಿಯೂ ಇರುವುದರಿಂದ, ಅವಳು ನೋಡಿದ್ದನ್ನು ನೋಡದೆ ನನಗೆ ಗತ್ಯಂತರವಿರಲಿಲ್ಲ. ಕೆಲಕಾಲದ ಮೇಲೆ, ಅವಳು ಶಾಲೆಯಿಂದ ಬರುವುದು ತಡವಾದರೆ ಬೇಸರಪಡುವವನು ನಾನೇ ಆದೆ.

ಮೂಲದಲ್ಲಿ 'ಕಿಮೆತ್ಸು ನೊ ಯಾಯಿಬ' ಎಂದೂ ಹೊರನಾಡುಗಳಲ್ಲಿ 'ಡೀಮನ್ ಸ್ಲೇಯರ್' ಎಂದೂ ಹೆಸರುಗೊಂಡ ಈ ಕೃತಿಯು ಮೊದಲು ಮಾಂಗಾ, ಎಂದರೆ ಚಿತ್ರಕಥೆ. ಕೊಯೊಹರು ಗೊತೊಗೆ ಎಂಬ ಕಾವ್ಯನಾಮದ ಹಿಂದೆ ತಮ್ಮ ಮುಖವನ್ನು ಮರೆಸಿಕೊಂಡು, ಭಾವಚಿತ್ರ ಬೇಕಾದ ಕಡೆಯಲ್ಲಿ ಕನ್ನಡಕ ಧರಿಸಿದ ಮೊಸಳೆಯೊಂದನ್ನು ಬರೆದುಕೊಡುವ ಕಲಾವಿದರೊಬ್ಬರು ಇದನ್ನು 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ 2016ರ ಫೆಬ್ರವರಿಯಿಂದ 2020ರ ಮೇ ತಿಂಗಳವರೆಗೆ ಧಾರಾವಾಹಿಯಾಗಿ ಪ್ರಕಟಿಸಿದರು. ಯುಫೋಟೇಬಲ್ ಎಂಬ ಚಿತ್ರಶಾಲೆಯು ಹರುವೊ ಸೊತೊಜಾಕಿಯವರ ನಿರ್ದೇಶನದಲ್ಲಿ 2019ರ ಏಪ್ರಿಲಿನಿಂದ 26 ಕಂತುಗಳಾಗಿ ಅದನ್ನು ಟಿವಿಗೆ ತಂದಿತು. ಮರುವರ್ಷದ ಅಕ್ಟೋಬರಿನಲ್ಲಿ, ಲೋಕವೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡು ಪರಸ್ಪರ ದೂರ ನಿಂತಿದ್ದ ಕಾಲದಲ್ಲಿ, ಇದರ ಮುಂದಿನ ಭಾಗವು ಚಲನಚಿತ್ರವಾಗಿ ತೆರೆಕಂಡು, ಹತ್ತೇ ದಿನಗಳಲ್ಲಿ ಸಾವಿರ ಕೋಟಿ ಯೆನ್ ಗಳಿಸಿ, ವರ್ಷ ಮುಗಿಯುವುದರೊಳಗೆ ಮಿಯಾಜಾಕಿಯವರ 'ಸ್ಪಿರಿಟೆಡ್ ಅವೇ' 2001ರಿಂದ ಉಳಿಸಿಕೊಂಡು ಬಂದಿದ್ದ ಗಳಿಕೆಯ ದಾಖಲೆಯನ್ನು ಜಪಾನಿನಲ್ಲಿ ಮುರಿಯಿತು. ಹಣದ ಮಾತು ಇಷ್ಟು ಸಾಕು.

ಕಥೆಯು ತೈಶೋ ಯುಗದ್ದು. 1912ರಿಂದ 1926ರವರೆಗೆ ನಡೆದ ಆ ಅಲ್ಪಾಯುಷಿ ಯುಗದಲ್ಲಿ ಪಟ್ಟಣಕ್ಕೆ ವಿದ್ಯುದ್ದೀಪ ಬಂದಿತ್ತು, ಬೆಟ್ಟಕ್ಕೆ ಬಂದಿರಲಿಲ್ಲ. ಬೆಟ್ಟದ ಮೇಲೆ ಇದ್ದಿಲು ಸುಟ್ಟು ಮಾರುವ ಬಡ ಕುಟುಂಬವೊಂದರಲ್ಲಿ ತಂದೆಯನ್ನು ಕಳೆದುಕೊಂಡ ಹಿರಿಯ ಮಗ ತಂಜಿರೊ. ಹೊಸ ವರ್ಷಕ್ಕೆ ತಮ್ಮತಂಗಿಯರಿಗೆ ಹೊಟ್ಟೆತುಂಬ ಉಣಿಸಬೇಕೆಂದು ಹಿಮ ಬೀಳುವ ದಿನವೇ ಇದ್ದಿಲ ಬುಟ್ಟಿ ಹೊತ್ತು ಕೆಳಗಿನ ಊರಿಗೆ ಇಳಿದುಹೋಗುತ್ತಾನೆ; ಹಿಂದಿರುಗುವಷ್ಟರಲ್ಲಿ ಕತ್ತಲಾಗಿ, ರಾತ್ರಿ ರಕ್ಕಸರು ತಿರುಗುತ್ತಾರೆಂದು ಹೆದರಿಸಿದ ಮುದುಕನೊಬ್ಬನ ಮನೆಯಲ್ಲಿ ಉಳಿದು, ಬೆಳಗ್ಗೆ ಬೆಟ್ಟ ಹತ್ತುವಾಗ ಮನೆ ಕಾಣುವ ಮೊದಲೇ ನೆತ್ತರಿನ ವಾಸನೆ ಅವನ ಮೂಗಿಗೆ ಬರುತ್ತದೆ. ತಾಯಿಯೂ ತಮ್ಮತಂಗಿಯರೂ ಸತ್ತುಬಿದ್ದಿದ್ದಾರೆ. ಉಸಿರು ಉಳಿದಿರುವವಳು ನೆಜುಕೊ ಎಂಬ ತಂಗಿಯೊಬ್ಬಳು, ಮತ್ತು ಅವಳು ರಕ್ಕಸಿಯಾಗಿದ್ದಾಳೆ. ಅಣ್ಣನ ಮೇಲೆಯೇ ಎರಗಿದ ಆಕೆಯ ಕಣ್ಣಿನಿಂದ, ಅಣ್ಣನು ಕರೆದು ಕರೆದು ಬೇಡಿಕೊಂಡಾಗ, ನೀರು ಹನಿಯುತ್ತದೆ. ಅಲ್ಲಿಂದಾಚೆಗೆ ಮನುಷ್ಯರನ್ನು ಕಚ್ಚದಂತೆ ಬಾಯಿಗೆ ಬಿದಿರ ತುಂಡು ಕಟ್ಟಿದ ಅವಳನ್ನು, ಬಿಸಿಲು ತಾಕಿದರೆ ಸುಟ್ಟುಹೋಗುವವಳಾದ್ದರಿಂದ ಹಗಲೆಲ್ಲ ಮರದ ಪೆಟ್ಟಿಗೆಯೊಂದರಲ್ಲಿ ಕೂರಿಸಿ ಬೆನ್ನಿಗೆ ಹೊತ್ತುಕೊಂಡು, ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡುವ ಮದ್ದನ್ನು ಹುಡುಕುತ್ತ ಆ ಹುಡುಗನು ರಕ್ಕಸರನ್ನು ಕೊಲ್ಲುವವರ ಪಡೆಯನ್ನು ಸೇರುತ್ತಾನೆ. ತಾನು ಕೊಲ್ಲಹೊರಟ ಜಾತಿಗೆ ತನ್ನ ಬೆನ್ನಮೇಲಿನ ತಂಗಿಯೂ ಸೇರಿದವಳು. ಈ ಒಂದು ವಿಪರ್ಯಾಸವನ್ನು ಕಥೆಗಾರರು ಎಲ್ಲಿಯೂ ಮಾತಿನಲ್ಲಿ ಒತ್ತಿ ಹೇಳುವುದಿಲ್ಲ, ಪೆಟ್ಟಿಗೆಯ ಭಾರವೇ ಹೇಳುತ್ತದೆ.

ಕಾಲದ ಆಯ್ಕೆಯಲ್ಲಿಯೂ ಒಂದು ಜಾಣ್ಮೆಯುಂಟು. ಜಪಾನಿನಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು 1876ರ ರಾಜಾಜ್ಞೆಯೇ ನಿಷೇಧಿಸಿತ್ತು. ಆದುದರಿಂದ ಈ ರಕ್ಕಸಾಂತಕರು ಸರ್ಕಾರದ ಮನ್ನಣೆಯಿಲ್ಲದ ಗುಪ್ತಪಡೆಯವರು. ಲೋಕವನ್ನು ರಾತ್ರಿಯೆಲ್ಲ ಕಾದು, ಬೆಳಗಾದ ಮೇಲೆ ರೈಲ್ವೆ ನಿಲ್ದಾಣದಲ್ಲಿ ಪೊಲೀಸಿನವನನ್ನು ಕಂಡರೆ ಕತ್ತಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಓಡತಕ್ಕವರು. ಬೆಟ್ಟದ ಹುಡುಗ ತಂಜಿರೊ ಟೋಕಿಯೋದ ಅಸಾಕುಸ ಬಡಾವಣೆಯ ದೀಪಗಳ ನಡುವೆ ತಲೆತಿರುಗಿ, ಉಸಿರು ಕಟ್ಟಿ, ಸಂದಿಯೊಂದರಲ್ಲಿನ ಶಾವಿಗೆ ಸಾರಿನ ಗಾಡಿಯ ಬಳಿ ಕುಳಿತು ಸುಧಾರಿಸಿಕೊಳ್ಳುವ ಪ್ರಸಂಗವು ನನಗೆ ಯುದ್ಧಗಳೆಲ್ಲಕ್ಕಿಂತ ಪ್ರಿಯವಾದುದು. ಅದೇ ಜನಜಂಗುಳಿಯಲ್ಲಿ ರಕ್ಕಸರೆಲ್ಲರ ಮೂಲಪುರುಷನಾದ ಮುಜಾನನು ಪಾಶ್ಚಾತ್ಯ ಉಡುಪು ಧರಿಸಿ, ಹೆಂಡತಿ ಮಗುವಿನೊಡನೆ ಸಭ್ಯ ಗೃಹಸ್ಥನಂತೆ ನಡೆದುಹೋಗುತ್ತಿರುತ್ತಾನೆ. ಹೊಸ ಬೆಳಕು ಹಳೆಯ ಕತ್ತಲೆಗೆ ಇಷ್ಟು ಒಳ್ಳೆಯ ಮರೆಯಾಗಬಲ್ಲುದೆಂಬುದು ವಿದ್ಯುತ್ ಕಂಪೆನಿಗಳವರಿಗೆ ತಿಳಿದಿರಲಾರದು.

ಇನ್ನು ಕಾಗದದ ಮಾತಿಗೆ ಬರುತ್ತೇನೆ. ಕಾಡಿನ ನಡುವೆ ಒಂದು ಒಂಟಿಮನೆ. ಅದರೊಡೆಯನು ಕ್ಯೋಗಾಯ್ ಎಂಬ ರಕ್ಕಸ. ಅವನ ಹೆಗಲು, ತೊಡೆ, ಹೊಟ್ಟೆ, ಬೆನ್ನುಗಳಲ್ಲಿ ತ್ಸುಜುಮಿ ಎಂಬ, ನಮ್ಮ ಡಮರುಗವನ್ನು ನೆನಪಿಗೆ ತರುವ ಚರ್ಮವಾದ್ಯಗಳು ಬೆಳೆದುಕೊಂಡಿವೆ. ಒಂದನ್ನು ಬಡಿದರೆ ಕೋಣೆಯು ಬಲಕ್ಕೆ ಹೊರಳುತ್ತದೆ, ಇನ್ನೊಂದನ್ನು ಬಡಿದರೆ ಎಡಕ್ಕೆ. ಗೋಡೆಯೇ ನೆಲವಾಗಿ, ಸೂರೇ ಗೋಡೆಯಾಗಿ, ಹೊಟ್ಟೆಯ ಮೇಲಿನದನ್ನು ಬಡಿದಾಗ ಕಾಣದ ಉಗುರುಗಳು ಗಾಳಿಯನ್ನು ಸೀಳಿಕೊಂಡು ಬರುತ್ತವೆ. ಹಿಂದಿನ ಕಾಳಗದಲ್ಲಿ ಮೂಳೆ ಮುರಿದುಕೊಂಡಿರುವ ತಂಜಿರೊ ಈ ಗಿರಗಟ್ಟಲೆ ಮನೆಯೊಳಗೆ ಬೀಳುತ್ತ ಏಳುತ್ತ, ನೋವನ್ನು ತಾನು ತಾಳಿಕೊಂಡದ್ದು ಹಿರಿಯ ಮಗನಾದ್ದರಿಂದ, ಎರಡನೆಯವನಾಗಿದ್ದರೆ ಸಾಧ್ಯವಿರಲಿಲ್ಲವೆಂದು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಾನೆ. ಮನೆಗೆ ಹಿರಿಯ ಮಗನಾದ ನಾನು ಈ ಮಾತಿಗೆ ತಲೆದೂಗಿದೆನು; ಎರಡನೆಯವನಾದ ನನ್ನ ತಮ್ಮನಿಗೆ ಹೇಳಿದಾಗ ಅವನು ತಲೆದೂಗಲಿಲ್ಲ.

ಕೋಣೆಯು ಹೊರಳುವ ಆರ್ಭಟದಲ್ಲಿ ಎಲ್ಲಿಯೋ ಇದ್ದ ಬರೆದ ಹಾಳೆಗಳ ಕಟ್ಟೊಂದು ಬಿಚ್ಚಿ ನೆಲದ ತುಂಬ ಚೆಲ್ಲುತ್ತದೆ. ತಂಜಿರೊ ಇಳಿಯುತ್ತಿರುವುದು ಅವುಗಳ ಮೇಲೆಯೇ. ಪ್ರಾಣವೇ ಹೋಗುವ ಆ ಗಳಿಗೆಯಲ್ಲಿ ಆ ಹುಡುಗನು ಮೈಯನ್ನು ತಿರುಚಿ, ಕಾಲನ್ನು ಬೇರೆ ಕಡೆ ಇಟ್ಟು, ಹಾಳೆಗಳನ್ನು ತಪ್ಪಿಸುತ್ತಾನೆ. ರಕ್ಕಸನ ಕೈ ಒಂದು ಕ್ಷಣ ವಾದ್ಯದ ಮೇಲೆ ನಿಂತುಬಿಡುತ್ತದೆ. ಏಕೆಂದರೆ ಅವು ಅವನು ಬರೆದ ಹಾಳೆಗಳು. ಒಂದಾನೊಂದು ಕಾಲದಲ್ಲಿ ಅವನ ಬರವಣಿಗೆಯಲ್ಲಿ ಸ್ವಾರಸ್ಯವಿಲ್ಲ, ಸೌಂದರ್ಯವಿಲ್ಲ, ಕಾಗದಕ್ಕೂ ಮಸಿಗೂ ದಂಡವೆಂದು ಒಬ್ಬನು ಬೈದು, ಅದೇ ಹಾಳೆಗಳ ಮೇಲೆ ಕಾಲಿಟ್ಟು ಹೊಸಕಿದ್ದನು. ಆ ವಿಮರ್ಶಕನನ್ನು ಕ್ಯೋಗಾಯ್ ಅಲ್ಲಿಯೇ ಸೀಳಿ ಕೊಂದನು. (ವಿಮರ್ಶೆಯ ಇತಿಹಾಸದಲ್ಲಿ ಇಂಥ ಪ್ರತ್ಯುತ್ತರಗಳು ಹೆಚ್ಚಾಗಿ ದಾಖಲಾಗಿಲ್ಲವೆಂಬುದು ನಮ್ಮ ನಾಡಿನ ವಿಮರ್ಶಕರ ಪುಣ್ಯ.) ರಕ್ಕಸರ ಪಂಕ್ತಿಯಲ್ಲಿಯೂ ಅವನು ಸೋತವನೇ. ಮನುಷ್ಯರನ್ನು ಮೊದಲಿನಷ್ಟು ತಿನ್ನಲಾರದಾದಾಗ ಮುಜಾನನು ಅವನ ಕಣ್ಣಿನಲ್ಲಿ ಕೆತ್ತಿದ್ದ ಪದವಿಯ ಅಂಕಿಯನ್ನು ಕಿತ್ತುಕೊಂಡಿದ್ದನು.

ಹಾಳೆಯನ್ನು ತಪ್ಪಿಸಹೋಗಿ ಹೆಜ್ಜೆಯನ್ನು ಹಗುರಾಗಿ ಇಟ್ಟದ್ದರಿಂದಲೇ ಮುರಿದ ಮೂಳೆಗೆ ನೋವಾಗದಂತೆ ನಡೆಯುವ, ಉಸಿರಾಡುವ ಉಪಾಯವು ತಂಜಿರೊಗೆ ಹೊಳೆದು, ಅವನು ಒಳನುಗ್ಗಿ ರಕ್ಕಸನ ತಲೆಯನ್ನು ಕಡಿಯುತ್ತಾನೆ. ಕಡಿಯುವ ಮುನ್ನ ಅವನ ಮಾಯಾವಿದ್ಯೆಯು ಅದ್ಭುತವಾದುದೆಂದು ಕೂಗಿ ಹೇಳುತ್ತಾನೆ. ನೆಲಕ್ಕುರುಳಿದ ತಲೆಯು ಆ ಮಾತು ನಿಜವೇ ಎಂದು ಇನ್ನೊಮ್ಮೆ ಕೇಳಿದಾಗ, ನಿಜವೆಂದೂ, ಆದರೆ ಮನುಷ್ಯರನ್ನು ಕೊಂದದ್ದನ್ನು ತಾನು ಕ್ಷಮಿಸಲಾರೆನೆಂದೂ ಒಟ್ಟೊಟ್ಟಿಗೆ ಉತ್ತರ ಕೊಡುತ್ತಾನೆ. ಕ್ಯೋಗಾಯ್ ಅಳುತ್ತ ಬೂದಿಯಾಗುತ್ತಾನೆ. ತನ್ನ ಬರಹವು ಕಸವಲ್ಲವೆಂದು ಬಗೆದವನೊಬ್ಬನಾದರೂ ಸಿಕ್ಕಿದನೆಂಬ ಅಳು ಅದು. ಹಾಳೆಗಳಲ್ಲಿದ್ದ ಕಥೆ ಚೆನ್ನಾಗಿತ್ತೇ ಕೆಟ್ಟದಾಗಿತ್ತೇ ಎಂಬುದನ್ನು ಕಥೆಗಾರರು ನಮಗೆ ಹೇಳುವುದಿಲ್ಲ, ಹುಡುಗನೂ ಓದಿದವನಲ್ಲ. ಬಹುಶಃ ಕೆಟ್ಟದಾಗಿಯೇ ಇದ್ದಿರಬೇಕು. ಕೆಟ್ಟ ಬರಹಕ್ಕೂ ಕಾಲು ತಗುಲಬಾರದೆಂಬ ನಮ್ಮ ಮನೆಯ ಹೆಂಗಸರ ಶಾಸನವು ಈ ಬೆಟ್ಟದ ಹುಡುಗನಿಗೆ ಯಾರು ಕಲಿಸಿದರೋ!

ಇದು ಒಂದು ಕಡೆ ಬಂದು ಮರೆಯಾಗುವ ಚಮತ್ಕಾರವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮುಂದೆ ನತಗುಮೊ ಎಂಬ ಬೆಟ್ಟದಲ್ಲಿ ರೂಯಿ ಎಂಬ ಜೇಡರಕ್ಕಸನಿದ್ದಾನೆ. ನೋಡುವುದಕ್ಕೆ ಎಳೆಯ ಬಾಲಕ, ಹುಟ್ಟುರೋಗಿಯಾಗಿದ್ದವನು. ಇತರ ರಕ್ಕಸರಿಗೆ ತಾಯಿ, ತಂದೆ, ಅಕ್ಕ, ಅಣ್ಣನೆಂದು ಪಾತ್ರ ಹಂಚಿ, ಭಯದಿಂದ ಆಳುತ್ತ, ತಾನೊಂದು ಕುಟುಂಬವನ್ನು ಕಟ್ಟಿದೆನೆಂದು ನಂಬಿಕೊಂಡಿದ್ದಾನೆ. ಇವನೊಡನೆ ನಡೆದ ಯುದ್ಧದಲ್ಲಿ ತಂಜಿರೊಗೆ ತನ್ನ ತಂದೆಯ ನೆನಪು ಬರುವ ಕಂತು ಜಗತ್ಪ್ರಸಿದ್ಧವಾಗಿದೆ. ರೋಗದಿಂದ ಕೃಶವಾದ ತಂದೆಯು ಹೊಸ ವರ್ಷದಲ್ಲಿ ಅಗ್ನಿದೇವನಿಗಾಗಿ ಹಿಮದ ನಡುವೆ ಸಂಜೆಯಿಂದ ಬೆಳಗಿನವರೆಗೆ ಬಿಡದೆ ಕುಣಿಯುತ್ತಿದ್ದ ನೃತ್ಯವೇ ಮಗನ ಕತ್ತಿಯಲ್ಲಿ ಬೆಂಕಿಯಾಗಿ ಇಳಿಯುತ್ತದೆ. ಯುಫೋಟೇಬಲ್ಲಿನ ಚಿತ್ರಕಾರರು ಅದುವರೆಗೆ ಆ ಕತ್ತಿಯ ಸುತ್ತ ಹೊಕುಸಾಯಿಯ ಮರದಚ್ಚಿನ ಚಿತ್ರಗಳನ್ನು ನೆನಪಿಸುವ ನೀಲಿ ಅಲೆಗಳನ್ನು ಬರೆದುಕೊಂಡು ಬಂದವರು. ಅಲೆಯು ಜ್ವಾಲೆಯಾಗಿ ಮಾರ್ಪಡುವುದನ್ನು ನೋಡುವಾಗ ಮೊಮ್ಮಗಳು ಉಸಿರು ಬಿಡುವುದನ್ನು ಮರೆತಿದ್ದಳು. ನನಗೆ ಮನಸ್ಸಿನಲ್ಲಿ ನಿಂತದ್ದು ಅದಾದ ಮೇಲಿನ, ಯಾವ ಬೆಂಕಿಯೂ ಇಲ್ಲದ ಸಣ್ಣ ಪ್ರಸಂಗ.

ಪಡೆಯ ಹಿರಿಯರಲ್ಲೊಬ್ಬನಾದ ಗಿಯೂ ಬಂದು ರೂಯಿಯ ತಲೆಯನ್ನು ಹಾರಿಸಿದ್ದಾನೆ. ತಲೆಯಿಲ್ಲದ ಎಳೆಯ ಮೈ ತಡವರಿಸುತ್ತ ಬಂದು ತಂಜಿರೊ ಮಲಗಿದ್ದಲ್ಲಿ ಬೀಳುತ್ತದೆ. ಅದರಿಂದ ಹೊಮ್ಮುವ ದುಃಖದ ವಾಸನೆಯು ಆ ಹುಡುಗನ ಮೂಗಿಗೆ ತಿಳಿದು, ಅವನು ಅದರ ಬೆನ್ನಮೇಲೆ ಕೈಯಿಡುತ್ತಾನೆ. ಮೈ ಕರಗಿ ಹೋಗಿ ಬರಿಯ ಬಟ್ಟೆ ಉಳಿಯುತ್ತದೆ. ಗಿಯೂ ಆ ಬಟ್ಟೆಯ ಮೇಲೆ ಕಾಲಿಟ್ಟು ನಿಂತು, ಮನುಷ್ಯರನ್ನು ತಿಂದ ರಕ್ಕಸನಿಗೆ ಮರುಗಬೇಡವೆಂದು ಹೇಳುತ್ತಾನೆ. ಆ ಮಾತಿನಲ್ಲಿ ಅನ್ಯಾಯವೇನೂ ಇಲ್ಲ. ಸತ್ತವರ ಸೇಡಿಗಾಗಿ, ಇನ್ನು ಮುಂದೆ ಸಾಯುವವರ ರಕ್ಷಣೆಗಾಗಿ ತಾನು ಹಿಂದುಮುಂದು ನೋಡದೆ ಕತ್ತಿ ಬೀಸುವೆನೆಂದು ತಂಜಿರೊ ಒಪ್ಪಿಕೊಂಡು, ತಾನು ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುವವನನ್ನು ಮಾತ್ರ ತಾನು ತುಳಿಯುವುದಿಲ್ಲವೆಂದೂ, ಇವರೂ ಒಮ್ಮೆ ತನ್ನಂತೆಯೇ ಮನುಷ್ಯರಾಗಿದ್ದರೆಂದೂ, ಆದುದರಿಂದ ದಯವಿಟ್ಟು ಕಾಲನ್ನು ತೆಗೆಯಬೇಕೆಂದೂ ಬೇಡುತ್ತಾನೆ. ಮತ್ತೆ ಕಾಲೇ! ಕಥೆಯ ಆರಂಭದಲ್ಲಿ, ತನ್ನ ಗುರುವಿನ ಹಿಂದಿನ ಶಿಷ್ಯರನ್ನು ಸಾಲಾಗಿ ನುಂಗಿದ್ದ ಅನೇಕ ತೋಳುಗಳ ರಕ್ಕಸನನ್ನು ಕಡಿದ ಮೇಲೆಯೂ ತಂಜಿರೊ ಅದರ ಕೈಯೊಂದನ್ನು ಹಿಡಿದುಕೊಂಡು, ಮುಂದಿನ ಹುಟ್ಟಿನಲ್ಲಿ ಇವನು ರಕ್ಕಸನಾಗದಿರಲೆಂದು ದೇವರನ್ನು ಪ್ರಾರ್ಥಿಸಿದ್ದನು. ಅಣ್ಣನ ಕೈ ಹಿಡಿಯಬೇಕೆಂದು ಅಳುತ್ತಿದ್ದ ಮಗು ಆ ರಕ್ಕಸ.

ಕಡಿಯುವ ಕೈಗೂ ತುಳಿಯುವ ಕಾಲಿಗೂ ನಡುವೆ ಈ ಹುಡುಗನು ಎಳೆದಿರುವ ಗೆರೆಯು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಕರುಣೆಯ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಬಹುಮಟ್ಟಿಗೆ ಕರುಣೆಯು ಹುಟ್ಟಿದೊಡನೆಯೇ ಕತ್ತಿಯು ಕೈಯಿಂದ ಜಾರುತ್ತದೆ, ಖಳನು ಕಾಲಿಗೆ ಬೀಳುತ್ತಾನೆ, ಊಟಕ್ಕೆ ಎಲೆ ಹಾಕುತ್ತಾರೆ. ಇಲ್ಲಿ ಹಾಗಾಗುವುದಿಲ್ಲ. ರಕ್ಕಸನ ಪೂರ್ವಕಥೆ ನಮಗೆ ಹೆಚ್ಚಾಗಿ ತಿಳಿಯುವುದು ಕತ್ತಿಯು ಕುತ್ತಿಗೆಯನ್ನು ದಾಟಿದ ಮೇಲೆ; ತಿಳಿದದ್ದರಿಂದ ತೀರ್ಪು ಬದಲಾಗುವಂತಿಲ್ಲ. ಕರುಣೆಯು ತೀರ್ಪಿನ ಕಟ್ಟೆಯನ್ನು ಹತ್ತದೆ ಹೊರಗೆ ಕಾದಿದ್ದು, ದಂಡನೆ ಮುಗಿದ ಮೇಲೆ ಬಂದು ಹೆಣದ ಪಕ್ಕದಲ್ಲಿ ಕೂರುತ್ತದೆ. ಕೊಂದ ಮೇಲೆ ಮರುಗುವುದು ಸುಲಭವೆಂದು ಯಾರಾದರೂ ಆಕ್ಷೇಪಿಸಬಹುದು. ನಮ್ಮ ಕಾಲದ ವರ್ತಮಾನಪತ್ರಿಕೆಗಳನ್ನು ಓದುವವನಿಗೆ, ಕೊಂದವರು ಕೊಂದ ಮೇಲೆ ಏನೇನು ಮಾಡುತ್ತಾರೆಂಬುದನ್ನು ಬಲ್ಲವನಿಗೆ, ಅದು ಅಷ್ಟೇನೂ ಸುಲಭವೆಂದು ತೋರಲಾರದು.

ಇಂಥ ಮನೋಧರ್ಮವು ಜಪಾನಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಓನಿ ಎಂದು ಆ ಜನರು ಕರೆಯುವ ರಕ್ಕಸನನ್ನು ಅವರು ಫೆಬ್ರವರಿಯ ಆದಿಯಲ್ಲಿ, ಸೆತ್ಸುಬುನ್ ಎಂಬ ಹಬ್ಬದ ದಿನ, ಹುರಿದ ಕಾಳು ಎಸೆದು ಮನೆಯಿಂದಾಚೆಗೆ ಅಟ್ಟುತ್ತಾರೆ. ಅದೇ ಜನರ ಮಕ್ಕಳಿಗೆ ಹಿರೋಸುಕೆ ಹಮಾದ ಎಂಬ ಲೇಖಕರು 1933ರಲ್ಲಿ ಬರೆದುಕೊಟ್ಟ ಕಥೆಯಲ್ಲಿ ಕೆಂಪು ಓನಿಯೊಂದು ಸ್ನೇಹಿತನನ್ನು ಕಳೆದುಕೊಂಡು ಅಳುತ್ತದೆ. ಇನ್ನೂ ಹಿಂದಕ್ಕೆ ಹೋದರೆ ನೋ ನಾಟಕದ ಮಹಾಚಾರ್ಯನಾದ ಜೆಅಮಿ ಸಿಗುತ್ತಾನೆ. ಆತನ ನಾಟಕಗಳಲ್ಲಿ ಎಷ್ಟೋ ಕಡೆ ಸಂಚಾರಿಯಾದ ಸನ್ಯಾಸಿಯೊಬ್ಬನು ಯಾವುದೋ ಹಾಳು ಎಡೆಗೆ ಬಂದು ಕೂರುತ್ತಾನೆ. ಅಲ್ಲಿ ಅಲೆಯುತ್ತಿರುವ ಪ್ರೇತವು ತನ್ನ ಬದುಕಿದ್ದ ಕಾಲದ ದುಃಖವನ್ನು ಅವನೆದುರು ಕುಣಿದು ತೋರಿಸಿ, ಅವನ ಪ್ರಾರ್ಥನೆಯನ್ನು ಪಡೆದು ಮರೆಯಾಗುತ್ತದೆ. ಸನ್ಯಾಸಿಯ ಕೈಯಿಂದ ಜಪಮಾಲೆಯನ್ನು ಕಿತ್ತು ಕತ್ತಿಯನ್ನು ಕೊಟ್ಟರೆ ನಮ್ಮ ತಂಜಿರೊ ಆಗುತ್ತಾನೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕ್ಯೋಗಾಯ್‌ನ ಮೈಯಲ್ಲಿ ಬೆಳೆದ ತ್ಸುಜುಮಿಯೂ ಅದೇ ರಂಗದ ಮೇಳದಲ್ಲಿ ನುಡಿಯುವ ವಾದ್ಯ. ರಕ್ಕಸನ ವೇಷವನ್ನು ಅಭಿನಯಿಸುವ ಬಗೆಗೆ ಜೆಅಮಿಯು ಎರಡು ಭೇದಗಳನ್ನು ಹೇಳಿದ್ದಾನೆ: ಆಕಾರ ರಕ್ಕಸನದಾಗಿ ಹೃದಯ ಮನುಷ್ಯನದಾಗಿರುವುದು ಒಂದು, ಆಕಾರವೂ ಹೃದಯವೂ ರಕ್ಕಸನದೇ ಆಗಿರುವುದು ಇನ್ನೊಂದು. ಎರಡನೆಯ ಬಗೆಯನ್ನು ತನ್ನ ಸಂಪ್ರದಾಯದವರು ಆಡುವುದಿಲ್ಲವೆಂದು ಆತನು ಹದಿನೈದನೆಯ ಶತಮಾನದಲ್ಲಿಯೇ ಬರೆದಿಟ್ಟನು. ರನ್ನನ ದುರ್ಯೋಧನನನ್ನೂ ನಾಗಚಂದ್ರನ ರಾವಣನನ್ನೂ ಓದಿ ಬೆಳೆದವರಿಗೆ ಈ ವಿವೇಚನೆ ಹೊಸದಾಗಿ ತೋರದು. ಆದರೆ ನಮ್ಮ ಆ ಖಳರು ಚಕ್ರವರ್ತಿಗಳು, ಅವರ ಪತನಕ್ಕೆ ಒಂದು ಎತ್ತರವಿತ್ತು. ಇಲ್ಲಿ ಅಳುವವರು ಮಾರಾಟವಾಗದ ಕಥೆಗಾರ, ನಡೆಯಲಾರದ ರೋಗಿ ಬಾಲಕ, ಯೋಶಿವಾರದ ವೇಶ್ಯಾವಾಟಿಕೆಯ ಕೊಳಕಿನಲ್ಲಿ ಹುಟ್ಟಿ ತಂಗಿಯೊಬ್ಬಳನ್ನಲ್ಲದೆ ಇನ್ನಾರನ್ನೂ ಕಾಣದ ಕುರೂಪಿ ಗ್ಯೂತಾರೊ. ಆ ಅಣ್ಣತಂಗಿಯರ ಕಡಿದ ತಲೆಗಳೆರಡೂ ಬೀದಿಯಲ್ಲಿ ಎದುರುಬದುರಾಗಿ ಬಿದ್ದು ಒಂದನ್ನೊಂದು ಶಪಿಸುತ್ತಿರುವಾಗ ತಂಜಿರೊ ಹೋಗಿ ಅಣ್ಣನ ಬಾಯಿಯನ್ನು ಕೈಯಿಂದ ಮೃದುವಾಗಿ ಮುಚ್ಚುತ್ತಾನೆ.

ದೋಷಗಳಿಲ್ಲವೆಂದಲ್ಲ. ಕತ್ತಿ ಬೀಸುವವರೆಲ್ಲರೂ ಬೀಸುತ್ತಿರುವಾಗಲೇ ತಾವು ಬೀಸುತ್ತಿರುವ ವರಸೆಯ ಹೆಸರನ್ನೂ ತಮಗಾಗುತ್ತಿರುವ ನೋವಿನ ವಿವರವನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ನೋಡುವವನ ಬುದ್ಧಿಯಲ್ಲಿ ಇನ್ನಷ್ಟು ವಿಶ್ವಾಸವಿಡಬಹುದಾಗಿತ್ತು. ಜೆನಿತ್ಸು ಎಂಬ ಹಳದಿ ಕೂದಲಿನ ಹುಡುಗನು ಎಚ್ಚರವಾಗಿರುವಾಗ ಹೇಡಿ, ಮೂರ್ಛೆ ಹೋದಾಗ ಶೂರ. ಕಲ್ಪನೆ ಸೊಗಸಾದುದೇ, ಆದರೆ ಎಚ್ಚರವಾಗಿರುವಷ್ಟು ಹೊತ್ತೂ ಅವನು ಕಿರಚುವ ಕಿರಚು ನನ್ನ ಕಿವಿಯ ಯಂತ್ರಕ್ಕೆ ಸಹಿಸದು. ರಕ್ಕಸರ ಪೂರ್ವಕಥೆಗಳೂ ಹೋಗಹೋಗುತ್ತ ಗಡಿಯಾರದ ಗಂಟೆಯಂತೆ ಹೊತ್ತಿಗೆ ಸರಿಯಾಗಿ ಬರತೊಡಗಿ, ತಲೆ ಉರುಳಿತೆಂದರೆ ಕರವಸ್ತ್ರ ತೆಗೆಯಬೇಕೆಂಬ ಶಿಸ್ತು ಅಭ್ಯಾಸವಾಗಿಬಿಡುತ್ತದೆ. ಇದನ್ನು ಹೇಳಿದರೆ ಮೊಮ್ಮಗಳಿಗೆ ಕೋಪ. "ತಾತಾ, ನೀವು ಅಳುವುದನ್ನು ನಾನೇ ನೋಡಿದ್ದೇನೆ" ಎನ್ನುತ್ತಾಳೆ. ನನ್ನದು ಕಣ್ಣಿನ ಪೊರೆಯ ತೊಂದರೆಯೆಂದು ಉತ್ತರ ಕೊಟ್ಟಿದ್ದೇನೆ.

ಮುಜಾನನ ವಿಷಯದಲ್ಲಿ ಮಾತ್ರ ಕಥೆಗಾರರು ಕರವಸ್ತ್ರವನ್ನು ಮಡಿಸಿಯೇ ಇಟ್ಟಿದ್ದಾರೆ. ಹೇಯಾನ್ ಯುಗದಲ್ಲಿ ಹುಟ್ಟುರೋಗಿಯಾಗಿದ್ದ ಅವನೂ ಒಂದು ಕಾಲಕ್ಕೆ ಮರುಕಕ್ಕೆ ಪಾತ್ರನಾಗಿದ್ದವನೇ. ಸಾವಿನಿಂದ ತನ್ನನ್ನು ಉಳಿಸಲು ಮದ್ದು ಮಾಡುತ್ತಿದ್ದ ವೈದ್ಯನನ್ನು, ಗುಣವಾಗಲಿಲ್ಲವೆಂಬ ಸಿಟ್ಟಿನಲ್ಲಿ ಕೊಂದ ಮೇಲೆ, ಆ ಮದ್ದು ಕೆಲಸ ಮಾಡತೊಡಗಿದ್ದು ಅವನಿಗೆ ತಿಳಿಯಿತು. ಬಿಸಿಲಿಗೆ ಹೋಗಲಾಗದ, ಸಾಯಲಾಗದ, ಮನುಷ್ಯರನ್ನು ತಿನ್ನದೆ ಇರಲಾಗದ ಬಾಳು ಸಿಕ್ಕಿತು, ಅದನ್ನು ಪೂರ್ತಿ ಗುಣಪಡಿಸಬಲ್ಲವನು ಸತ್ತಿದ್ದನು. ಇಷ್ಟು ದೊಡ್ಡ ವ್ಯಂಗ್ಯವು ಯಾರನ್ನಾದರೂ ಒಮ್ಮೆ ನಿಲ್ಲಿಸಿ ಯೋಚಿಸುವಂತೆ ಮಾಡಬೇಕಾಗಿತ್ತು, ಮುಜಾನನು ನಿಲ್ಲಲಿಲ್ಲ. ತನ್ನ ಕೈಕೆಳಗಿನ ರಕ್ಕಸರನ್ನು ಸಾಲಾಗಿ ಕೂರಿಸಿ, ಅವರು ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೂ ಅಂದುಕೊಳ್ಳದಿದ್ದುದಕ್ಕೂ ಸಿಟ್ಟಾಗಿ ಒಬ್ಬೊಬ್ಬರನ್ನಾಗಿ ಕೊಲ್ಲುವ ಆ ದರ್ಬಾರಿನ ದೃಶ್ಯವು, ಹಿಂದೆ ಕೆಲವು ಕಚೇರಿಗಳಲ್ಲಿ ದುಡಿದಿರುವ ನನ್ನಂಥವರಿಗೆ ಪೂರ್ತಿ ಕಾಲ್ಪನಿಕವೆಂದು ತೋರಲಾರದು. ಜೆಅಮಿಯು ಆಡಲೊಲ್ಲೆನೆಂದ ಎರಡನೆಯ ಬಗೆಯ ರಕ್ಕಸ ಇವನೇ ಇರಬೇಕೆಂದು ನನ್ನ ಊಹೆ.

ಕಥೆಯ ಕೊನೆಯ ಘಟ್ಟವು ಮೂರು ಚಲನಚಿತ್ರಗಳಾಗಿ ಬರತಕ್ಕದ್ದು. ಮೊದಲನೆಯದು 2025ರ ಜುಲೈ ತಿಂಗಳಲ್ಲಿ ಜಪಾನಿನಲ್ಲಿಯೂ ಸೆಪ್ಟೆಂಬರಿನಲ್ಲಿ ನಮ್ಮ ದೇಶದಲ್ಲಿಯೂ ತೆರೆಕಂಡಿತು. ಮೂಲದ ಜಪಾನಿಯೊಡನೆ ಹಿಂದಿ, ತಮಿಳು, ತೆಲುಗುಗಳಲ್ಲಿಯೂ ಮಾತನಾಡಿತು, ಕನ್ನಡದಲ್ಲಿ ಮಾತ್ರ ಇಲ್ಲ. ರಕ್ಕಸನ ಕೊನೆಯ ಅಳಲನ್ನು ಕನ್ನಡದಲ್ಲಿ ಕೇಳುವ ಆಸೆ ನನಗಿತ್ತು. ಯಕ್ಷಗಾನದ ಭಾಗವತರೊಬ್ಬರನ್ನು ಕೇಳಿದ್ದರೆ ಅರ್ಧರಾತ್ರಿಯ ಮೇಲಿನ ರಾಗದಲ್ಲಿ ಹಾಡಿಕೊಡುತ್ತಿದ್ದರು. ಮೊಮ್ಮಗಳು ಜಪಾನಿಯಲ್ಲದೆ ಇನ್ನಾವ ದನಿಯಲ್ಲಿಯೂ ನೋಡಬಾರದೆಂಬ ಮಡಿಯವಳಾದ್ದರಿಂದ ಅವಳಿಗೆ ಇದರ ಕೊರಗಿಲ್ಲ. ಮಾಂಗಾದ 23 ಸಂಪುಟಗಳನ್ನೂ ಅವಳು ಓದಿ ಮುಗಿಸಿದ್ದಾಳೆ, ಕೊನೆ ಏನಾಯಿತೆಂಬುದು ಅವಳಿಗೆ ಗೊತ್ತು. ಮುಜಾನನು ಕಡೆಗೆ ಅಳುತ್ತಾನೆಯೇ, ಅತ್ತರೆ ತಂಜಿರೊ ಅವನ ಬಟ್ಟೆಯ ಮೇಲೆ ಕಾಲಿಡುತ್ತಾನೆಯೇ ಎಂದು ನಾನು ನಯದಿಂದಲೂ ಗದರಿಯೂ, ಒಮ್ಮೆ ಐಸ್‌ಕ್ರೀಮಿನ ಆಮಿಷ ತೋರಿಸಿಯೂ ಕೇಳಿದ್ದಾಯಿತು.

"ಈಗಲೇ ಹೇಳಿಬಿಟ್ಟರೆ, ತಾತಾ, ಇನ್ನೆರಡು ಸಿನಿಮಾಕ್ಕೆ ನನಗೆ ಟಿಕೆಟ್ ಯಾರು ತೆಗೆಸಿಕೊಡುತ್ತಾರೆ?" ಎಂದಳು.